ತಪ್ಪಿದ ಕುರಿಯ ಹೆಸರು

18 ಅಕ್ಟೋಬರ್ 2007, ಗುರುವಾರ

ಪೇಪರಿನ ಏಳನೇ ಪುಟದ ಮೂಲೆಯಲ್ಲಿ ಬೆರಳುದ್ದದ ಒಂದು ಸುದ್ದಿ. ಗಡಿ ದಾಟಿ ಇರಾಕಿನೊಳಗೆ ನುಗ್ಗಲು ತುರ್ಕಿಯ ಸಂಸತ್ತು ತನ್ನ ಸೈನ್ಯಕ್ಕೆ ಒಪ್ಪಿಗೆ ಕೊಟ್ಟಿದೆ. ಪರವಾಗಿ ಐನೂರಕ್ಕೂ ಹೆಚ್ಚು ಮತ, ವಿರುದ್ಧ ಹತ್ತೊಂಬತ್ತು. ಅಣ್ಣಾಸಾಬರ ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ರಾಯಬಾಗ ಬಸ್ ಸ್ಟ್ಯಾಂಡಿನ ಎದುರು ಪೇಪರು, ಫೋನು, ಇಂಟರ್‌ನೆಟ್ಟು ಮೂರನ್ನೂ ಒಂದೇ ಗೂಡಿನಲ್ಲಿ ಇಟ್ಟುಕೊಂಡವರು ಅವರು. "ಯಾಕ್ರಿ ಅಕ್ಕೋರ, ಮಾರಿ ಸಣ್ಣ ಆತಲ್ಲ?" ಎಂದರು. ಏನಿಲ್ಲ ಎಂದೆ.

ಏನಿಲ್ಲ ಎಂದವಳು ಮನೆಗೆ ಬಂದು ಈ ಡೈರಿ ಹುಡುಕಿ ತೆಗೆದೆ. ಜನವರಿಯಲ್ಲಿ ಯಾರೋ ಕೊಟ್ಟಿದ್ದು, ಇಲ್ಲಿಯವರೆಗೆ ಒಂದಕ್ಷರ ಬರೆದಿರಲಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕು, ಮನೆಯಲ್ಲಿ ಹೇಳುವಂತಿಲ್ಲ. ಮೊದಲ ಪಾಠದಿಂದಲೇ ಶುರು ಮಾಡುತ್ತೇನೆ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಕಲಿಸಿ ಬಂದ ಚಾಳಿ.

ಬಾಳೇಶ ಅಲ್ಲಿದ್ದಾನೆ. ನನ್ನ ಗಂಡ. ಬಾಯಲ್ಲಿ ನಾನೆಂದೂ ಅವನ ಹೆಸರು ಹಿಡಿದವಳಲ್ಲ, ನಮ್ಮ ಕಡೆ ಹೆಂಡಂದಿರು ಹಿಡಿಯುವುದಿಲ್ಲ. 'ಇವರು', 'ಮನೆಯವರು', ಅಷ್ಟರಲ್ಲೇ ಸಂಸಾರ ಸಾಗುತ್ತದೆ. ಆದರೆ ಡೈರಿಗೆ ಅತ್ತೆ ಇಲ್ಲ. ಬಾಳೇಶ, ಬಾಳೇಶ, ಬಾಳೇಶ. ಬರೆಯುವುದು ಎಷ್ಟು ಸಲೀಸು.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿಯ ಹಿಂದೆ ತಿರುಗುತ್ತಲೇ ಓದಿ ದನದ ಡಾಕ್ಟರಾದವನು. ಆಗಸ್ಟಿನಲ್ಲಿ ಒಂದು ಪರದೇಶದ ಸೇವಾ ಸಂಸ್ಥೆ ಸೇರಿ ಇರಾಕಿನ ಉತ್ತರದ ಬೆಟ್ಟಗಳಿಗೆ ಹೋದ. ಅಲ್ಲಿರುವವರು ಕುರ್ದರು. ತುರ್ಕಿ, ಇರಾಕ್, ಇರಾನ್, ಸಿರಿಯಾ ನಾಲ್ಕಕ್ಕೂ ಹರಿದು ಹಂಚಿಹೋದ ಜನ, ತಮ್ಮದು ಎನ್ನುವ ದೇಶವಿಲ್ಲ. ಅವರ ಕುರಿಗಳಿಗೆ ಲಸಿಕೆ ಹಾಕುವುದು ಇವನ ಕೆಲಸ. ಇರಾಕಿಗೆ ಹೋಗಬೇಡಿ ಎಂದು ನಮ್ಮ ಸರ್ಕಾರ ಹೇಳಿದೆ, ಹಾಗಾಗಿ ಕಾಗದದ ಮೇಲೆ ಅವನು ಜೋರ್ಡಾನಿನ ಅಮ್ಮಾನ್ ಕಚೇರಿಯ ನೌಕರ. ಅತ್ತೆ ಮಾವನಿಗೂ ಅದನ್ನೇ ಹೇಳಿದ್ದೇವೆ. ಅಮ್ಮಾನ್, ದೊಡ್ಡ ಶಹರ, ಖುರ್ಚಿ, ಫ್ಯಾನು. ಸುಳ್ಳು ಹೇಳಿದ್ದು ಅವನು, ದಿನಾ ನಿಭಾಯಿಸುವುದು ನಾನು.

"ಯಾರದೋ ಕುರಿ, ಎಲ್ಲಿದೋ ಗುಡ್ಡ, ನಿಮಗ್ಯಾಕ್ರಿ ಬೇಕು?" ಎಂದು ಹೊರಡುವಾಗ ಕೇಳಿದ್ದೆ. ಎಲ್ಲಿದ್ದರೂ ಕುರಿ ಕುರಿಯೇ ಅಲ್ಲವೇ ಎಂದು ನಕ್ಕು ಬ್ಯಾಗು ಹೆಗಲಿಗೇರಿಸಿದ್ದ.

22 ಅಕ್ಟೋಬರ್, ಸೋಮವಾರ

ನಿನ್ನೆ ದಸರೆ. ಹನ್ನೊಂದಕ್ಕೆ ಸರಿಯಾಗಿ ಬಾಳೇಶನ ಫೋನು ಬಂತು. ಪ್ರತಿ ರವಿವಾರ ಹನ್ನೊಂದಕ್ಕೆ, ಸಂಸ್ಥೆಯ ಸ್ಯಾಟಲೈಟ್ ಫೋನಿನಿಂದ, ಐದೇ ನಿಮಿಷ. ಅತ್ತೆ ಎದುರಿಗೇ ಕೂತಿದ್ದರು. ಅಮ್ಮಾನಿನಲ್ಲಿ ಸೆಕೆ ಹೇಗಿದೆ ಎಂದು ಕೇಳಿದೆ. ಅವನು ಆ ಕಡೆ ಚಳಿಗೆ ಮುದುರಿ ನಿಂತು, ಭಾಳ ಐತಿ ಎಂದ.

ಅವನು ಉಳಿದುಕೊಂಡಿರುವುದು ಖಲೀಲ ಎಂಬ ಮುದುಕನ ಮನೆಯಲ್ಲಿ. ಮುದುಕ, ಅವನ ಸೊಸೆ ಗುಲೆ, ಅವಳ ಇಬ್ಬರು ಹೆಣ್ಣುಮಕ್ಕಳು. ಖಲೀಲಜ್ಜ ಮೂಲತಃ ಬೆಟ್ಟದ ಆ ಬದಿಯ, ತುರ್ಕಿಯ ಕುರ್ದ. ತೊಂಬತ್ತರ ದಶಕದಲ್ಲಿ ಬಂಡುಕೋರರಿಗೆ ರೊಟ್ಟಿ ಕೊಡುತ್ತೀರಿ ಎಂದು ಸೈನಿಕರು ಅವನ ಊರು ಖಾಲಿ ಮಾಡಿಸಿ ಮನೆಗಳಿಗೆ ಬೆಂಕಿ ಇಟ್ಟರಂತೆ. ಅದಕ್ಕೂ ಎಷ್ಟೋ ಮೊದಲೇ ಊರಿನ ಹೆಸರನ್ನು ನಕ್ಷೆಯಿಂದ ತೆಗೆದು ತುರ್ಕಿ ಭಾಷೆಯ ಬೇರೆ ಹೆಸರು ಬರೆದಿದ್ದರಂತೆ. ಶಾಲೆಯಲ್ಲಿ ಮನೆಮಾತು ಆಡಿದರೆ ಏಟು. ಕುರ್ದರು ಎನ್ನುವಂತೆಯೇ ಇರಲಿಲ್ಲ, 'ಬೆಟ್ಟದ ತುರ್ಕರು' ಎನ್ನಬೇಕಿತ್ತಂತೆ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ನಾನು ಎರಡರಲ್ಲೂ ಬೈಸಿಕೊಂಡು ಬೆಳೆದವಳು. ಆಡಿದ ಭಾಷೆಗಾಗಿ ಯಾರೂ ಹೊಡೆದಿರಲಿಲ್ಲ.

ಅಜ್ಜ ತನ್ನ ಟಗರಿಗೆ ಸುಟ್ಟುಹೋದ ಊರಿನ ಹಳೆಯ ಹೆಸರು ಇಟ್ಟಿದ್ದಾನೆ. ಗುಂದಿಕ್. ದಿನಾ ಸಂಜೆ ಬೆಟ್ಟದ ಅಂಚಿಗೆ ನಿಂತು, ಆ ಬದಿಗೂ ಕೇಳಲಿ ಎನ್ನುವ ಹಾಗೆ ಟಗರನ್ನು ಹೆಸರು ಹಿಡಿದು ಕೂಗುತ್ತಾನಂತೆ.

ಇವತ್ತಿನ ಪೇಪರಿನಲ್ಲಿ ಇನ್ನೊಂದು ಸುದ್ದಿ. ಪಿ.ಕೆ.ಕೆ. ಎಂಬ ಆ ಬಂಡುಕೋರರು ತುರ್ಕಿಯ ಹನ್ನೆರಡು ಸೈನಿಕರನ್ನು ಕೊಂದಿದ್ದಾರೆ. ಆ ಹುಡುಗರಿಗೂ ತಾಯಂದಿರು ಇರುತ್ತಾರೆ. ಈಗ ಸೈನ್ಯ ಸುಮ್ಮನಿರುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ.

ಮಾವ ಇವತ್ತು ಜುಗೂಳದಿಂದ ಬಂದಿದ್ದರು. ಅಲ್ಲಿ ಹೊಳೆದಂಡೆಯ ಹೊಲಗಳಲ್ಲಿ ಕುರಿ ಕೂರಿಸಿದ್ದಾರೆ, ಗೊಬ್ಬರಕ್ಕಾಗಿ ರೈತರೇ ಕರೆಯುತ್ತಾರೆ. ಒಂದು ಕುರಿ ತಪ್ಪಿದೆಯಂತೆ. ಯಾವುದು ಎಂದು ಕೇಳಿದೆ. ಅವರು ಹಿಂಡಿನ ಒಂದೊಂದರ ಹೆಸರನ್ನೂ ಹೇಳುತ್ತಾ ಹೋದರು, ಒಂದನ್ನು ಬಿಟ್ಟರು. ಈ ಮನೆಯ ರೂಢಿ ಅದು. ತಪ್ಪಿದ ಕುರಿಯ ಹೆಸರು ಎತ್ತಬಾರದು, ಎತ್ತಿದರೆ ತೋಳ ಕೇಳಿಸಿಕೊಂಡು ನಾವು ಹುಡುಕುವ ಮೊದಲೇ ಹುಡುಕುತ್ತದೆ. ಬಂದವುಗಳ ಹೆಸರು ಹೇಳಬೇಕು, ಹೇಳದೆ ಉಳಿದದ್ದು ಯಾವುದೆಂದು ಕೇಳಿದವರು ತಿಳಿದುಕೊಳ್ಳಬೇಕು. ಕುರಿ ಸಿಕ್ಕ ಮೇಲೆ, ಇಲ್ಲವೇ ಎಲುಬು ಕಣ್ಣಿಗೆ ಬಿದ್ದ ಮೇಲೆ ಮಾತ್ರ ಹೆಸರು. ನಮ್ಮ ತೋಳಗಳಿಗೆ ಕನ್ನಡ ಬರುತ್ತದೆಯೋ ಮರಾಠಿಯೋ ಎಂದು ಕೇಳಿದೆ. ಮಾವ ನಕ್ಕರು, ಅತ್ತೆ ನಗಲಿಲ್ಲ.

6 ನವೆಂಬರ್, ಮಂಗಳವಾರ

ತುರ್ಕಿಯ ಪ್ರಧಾನಿ ವಾಷಿಂಗ್ಟನ್ನಿಗೆ ಹೋಗಿ ಬಂದರು. ಬಂಡುಕೋರರು ಎಲ್ಲಿದ್ದಾರೆಂಬ ಮಾಹಿತಿಯನ್ನು ಅಮೆರಿಕ ಒದಗಿಸುತ್ತದಂತೆ. ಅಂದರೆ ಮೇಲಿನಿಂದ ನೋಡಿ ಬೆರಳು ತೋರಿಸುತ್ತಾರೆ. ಮೇಲಿನಿಂದ ನೋಡಿದರೆ ಬಂಡುಕೋರ ಯಾರು, ಲಸಿಕೆಯ ಪೆಟ್ಟಿಗೆ ಹೊತ್ತವನು ಯಾರು?

ಹೆಡ್ ಮಾಸ್ತರರ ಹತ್ತಿರ ಸುಮ್ಮನೆ ವಿಷಯ ತೆಗೆದೆ. ಅದು ಆ ದೇಶದ ಒಳಗಿನ ಸಂಗತಿ, ಹೊರಗಿನವರು ಏನು ಮಾಡಲಿಕ್ಕಾಗುತ್ತದೆ ಎಂದರು. ನಾನೂ ತರಗತಿಯಲ್ಲಿ ಇಂಥದ್ದೇ ವಾಕ್ಯ ಬರೆಸಿದ್ದೇನೆ, ಎರಡು ಅಂಕದ ಉತ್ತರ.

ರವಿವಾರದ ಫೋನಿನಲ್ಲಿ ಬಾಳೇಶನ ಜೊತೆ ಜಗಳವಾಯಿತು. ಅತ್ತೆ ಹಿತ್ತಲಲ್ಲಿದ್ದರು, ಬಾಯಿಬಿಟ್ಟು ಹೇಳಿದೆ, ಸಾಕು ಬಂದುಬಿಡ್ರಿ ಎಂದು. ಮರಿ ಹಾಕುವ ಕಾಲ ಹತ್ತಿರ ಬಂದಿದೆ, ಅದಕ್ಕೆ ಮೊದಲು ಕರುಳುಬೇನೆಯ ಲಸಿಕೆ ಆಗದಿದ್ದರೆ ಮರಿಗಳು ಸಾಲಾಗಿ ಸಾಯುತ್ತವೆ, ಇನ್ನೂ ನಾಲ್ಕು ಹಳ್ಳಿ ಬಾಕಿ ಎಂದ. "ನೀ ಪರೀಕ್ಷಾ ನಡುವ ಬಿಟ್ಟ ಬರ್ತೀಯೇನ ಭಾಗ್ಯಾ?" ಎಂದ. ನನ್ನ ಪರೀಕ್ಷೆಯ ಮೇಲೆ ಯಾರೂ ಬಾಂಬು ಹಾಕುವುದಿಲ್ಲ ಎಂದೆ. ಐದು ನಿಮಿಷ ಮುಗಿದು ಲೈನು ಕಟ್ಟಾಯಿತು. ಜಗಳಕ್ಕೂ ಐದೇ ನಿಮಿಷ ಕೊಟ್ಟರೆ ಹೇಗೆ? ಮುಂದಿನ ರವಿವಾರದವರೆಗೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಬೇಕು.

25 ನವೆಂಬರ್, ರವಿವಾರ

ಅತ್ತೆಗೆ ಗೊತ್ತಾಯಿತು. ಅಣ್ಣಾಸಾಬರ ಅಂಗಡಿಗೆ ಎಲೆ-ಅಡಿಕೆ ತರಲು ಹೋದಾಗ ಟಿ.ವಿ.ಯಲ್ಲಿ ಹಿಮದ ಬೆಟ್ಟ, ತೋಪು, ಸೈನಿಕರು ಕಂಡಿದ್ದಾರೆ. ನಿಮ್ಮ ಡಾಕ್ಟರು ಇರುವ ಸೀಮೆ ಇದೇ ಅಲ್ಲವೇ ಎಂದು ಅಣ್ಣಾಸಾಬರು ಕೇಳಿದ್ದಾರೆ. ಇಂಟರ್‌ನೆಟ್ಟಿನಲ್ಲಿ ನಾನು ಏನು ಹುಡುಕುತ್ತೇನೆಂದು ಅವರಿಗೆ ಗೊತ್ತು, ಅಂಗಡಿಯೇ ಅವರದು.

ಅತ್ತೆ ಕೂಗಾಡಲಿಲ್ಲ. ಹನ್ನೊಂದಕ್ಕೆ ಫೋನು ಬಂದಾಗ ತಾವೇ ಎತ್ತಿದರು. ಚಳಿ ಐತೇನ, ಕಂಬಳಿ ಐತೇನ, ಉಂಡೇನ, ಮೂರೇ ಮಾತು. ಆಮೇಲೆ ಕೊಕಟನೂರ ಯಲ್ಲಮ್ಮನಿಗೆ ಹರಕೆ ಹೊತ್ತು, ತಲೆಬಾಗಿಲ ಬಳಿ ನೆಲದ ಮೇಲೆ ಕೂತರು.

ಸಂಜೆಯಿಂದ ಬಾಳೇಶನ ಹೆಸರು ಎತ್ತುತ್ತಿಲ್ಲ. 'ನಮ್ಮ ಹುಡುಗ' ಕೂಡ ಇಲ್ಲ. ಪಕ್ಕದ ಮನೆಯವರು ಕೇಳಿದರೆ ಮಾತು ತಿರುಗಿಸುತ್ತಾರೆ. ಮನುಷ್ಯರು ಕುರಿಗಳಲ್ಲ ಎಂದು ನಾನು ಹೇಳಿದೆ. ಅಲ್ಲಿರುವುದು ವಿಮಾನ, ತೋಳವಲ್ಲ, ಅದಕ್ಕೆ ಕಿವಿ ಇಲ್ಲ ಎಂದೂ ಹೇಳಿದೆ. ಅತ್ತೆ ನನ್ನನ್ನೇ ನೋಡಿದರು. "ಕಣ್ಣ ಐತೆಲ್ಲ" ಎಂದರು.

ಇಂಥ ಮೂಢನಂಬಿಕೆಗಳ ವಿರುದ್ಧ ಒಂಬತ್ತನೇ ತರಗತಿಗೆ ಪ್ರಬಂಧ ಬರೆಸುವವಳು ನಾನು. ಬಾಳೇಶ ಬಂದ ಮೇಲೆ ಇದನ್ನೆಲ್ಲ ಓದಿಸಿ ನಗಿಸಬೇಕು.

17 ಡಿಸೆಂಬರ್, ಸೋಮವಾರ

ನಿನ್ನೆ ಹನ್ನೊಂದು ಹೊಡೆಯಿತು, ಫೋನು ಬರಲಿಲ್ಲ. ಹನ್ನೆರಡೂ ಹೊಡೆಯಿತು. ಮಧ್ಯಾಹ್ನ ಟಿ.ವಿ. ಹಾಕಿದೆ. ಬೆಳಗಾಗುವ ಮೊದಲೇ ತುರ್ಕಿಯ ವಿಮಾನಗಳು ಗಡಿ ದಾಟಿ ಬೆಟ್ಟದ ಮೇಲೆ ಬಾಂಬು ಹಾಕಿವೆ. ಐವತ್ತು ವಿಮಾನ ಎನ್ನುತ್ತಾರೆ. ಬಂಡುಕೋರರ ನೆಲೆಗಳನ್ನಷ್ಟೇ ಹೊಡೆದೆವು ಎಂದು ತುರ್ಕಿ ಹೇಳುತ್ತಿದೆ. ಹಳ್ಳಿಗಳೂ ಶಾಲೆಯೊಂದೂ ಹಾಳಾಗಿವೆ ಎಂದು ಅಲ್ಲಿಯ ಜನ. ಯಾವ ಹಳ್ಳಿ ಎಂದು ಒಬ್ಬರೂ ಹೇಳಲಿಲ್ಲ. ಚಾನೆಲ್ ಬದಲಿಸಿ ಬದಲಿಸಿ ಬೆರಳು ನೋಯುತ್ತಿದೆ. ಎಲ್ಲರಿಗೂ 'ಬೆಟ್ಟ ಪ್ರದೇಶ' ಅಷ್ಟೇ.

ಸ್ಯಾಟಲೈಟ್ ಫೋನಿನ ನಂಬರಿಗೆ ಅಣ್ಣಾಸಾಬರ ಅಂಗಡಿಯಿಂದ ಹನ್ನೊಂದು ಸಲ ಹಚ್ಚಿದೆ. ರಿಂಗೂ ಆಗುವುದಿಲ್ಲ. ಅಣ್ಣಾಸಾಬರು ಪಾಪ, ಬೇರೆ ಗಿರಾಕಿಗಳನ್ನು ಹೊರಗೆ ನಿಲ್ಲಿಸಿದರು.

ಮನೆಯವರು ರವಿವಾರ ಬೇರೆ ಹಳ್ಳಿಗೆ ಹೋಗಿದ್ದಿರಬಹುದು. ಹೋದ ವಾರ ಹಾಗೆಂದಿದ್ದರು. ಅಂದಿದ್ದರೇ? ಅಂದಿದ್ದರು.

18 ಡಿಸೆಂಬರ್, ಮಂಗಳವಾರ

ಅಮ್ಮಾನ್ ಕಚೇರಿಗೆ ಈ-ಮೇಲ್ ಕಳಿಸಿದೆ. ತಕ್ಷಣ ಉತ್ತರ ಬಂತು. ಗಡಿಬಿಡಿಯಲ್ಲಿ ತೆರೆದರೆ, ನಿಮ್ಮ ಪತ್ರ ತಲುಪಿದೆ ಎಂದು ಯಂತ್ರ ಬರೆದ ಕಾಗದ.

ಯುರೋಪು ಕಳವಳ ವ್ಯಕ್ತಪಡಿಸಿದೆ. ಇರಾಕಿನ ಸರ್ಕಾರ ಪ್ರತಿಭಟಿಸಿದೆ. ಅಮೆರಿಕ, ನಮಗೆ ಮೊದಲೇ ತಿಳಿಸಿದ್ದರು, ಆದರೆ ನಾವೇನೂ ಒಪ್ಪಿಗೆ ಕೊಟ್ಟಿರಲಿಲ್ಲ ಎಂದಿದೆ. ಎಲ್ಲರೂ ಎಲ್ಲರಿಗೂ ಸಂಯಮ ಇರಲಿ ಎನ್ನುತ್ತಿದ್ದಾರೆ. ಗುಲೆಯ ಸಣ್ಣ ಮಗಳಿಗೆ ಆರು ವರ್ಷ. ಸಂಯಮಕ್ಕೆ ಆ ಮಗು ಏನು ಮಾಡಬೇಕು?

ನಮ್ಮ ಸರ್ಕಾರದವರಿಗೆ ಫೋನು ಮಾಡಿ ಕೇಳೋಣವೆಂದರೆ ಮನೆಯವರು ಇರಾಕಿನಲ್ಲಿ ಇಲ್ಲವೇ ಇಲ್ಲ, ಕಾಗದದಲ್ಲಿ.

20 ಡಿಸೆಂಬರ್, ಗುರುವಾರ

ಏನೂ ಇಲ್ಲ. ಶಾಲೆಯಿಂದ ಬಂದಾಗ ಅತ್ತೆ ಫೋನಿನ ಮೇಲೆ ಟವೆಲ್ಲು ಹೊದಿಸಿದ್ದರು. ಯಾಕೆಂದರೆ ಧೂಳು ಎಂದರು.

23 ಡಿಸೆಂಬರ್, ರವಿವಾರ

ಎರಡನೇ ರವಿವಾರ. ಹನ್ನೊಂದಕ್ಕೆ ನಾನು ಒಂದು ಕಡೆ, ಅತ್ತೆ ಒಂದು ಕಡೆ, ನಡುವೆ ಫೋನು.

ಮತ್ತೆ ಬಾಂಬು ಬಿದ್ದಿವೆಯಂತೆ. ಸಾವಿರಾರು ಜನ ಹಿಮದಲ್ಲಿ ಮನೆ ಬಿಟ್ಟಿದ್ದಾರೆ. ಬಿಟ್ಟವರು ಕುರಿಗಳನ್ನು ಏನು ಮಾಡಿದರೋ. ತುಂಬಿದ ಹೊಟ್ಟೆಯ ಕುರಿಗಳು ಹಿಮ ಹತ್ತಲಾರವು.

ಸ್ಟಾಫ್ ರೂಮಿನಲ್ಲಿ ನಿನ್ನೆ ಯಾರೋ ಮನೆಯವರು ಹೇಗಿದ್ದಾರೆ ಎಂದು ಹೆಸರು ಹಿಡಿದೇ ಕೇಳಿದರು. ಅವರ ಬಾಯಿ ಮುಚ್ಚಬೇಕೆನ್ನಿಸಿತು. ಎಷ್ಟು ಜೋರಾಗಿ ಮಾತಾಡುತ್ತಾರೆ ಕೆಲವರು. ಕಿಟಕಿ ಬೇರೆ ತೆರೆದಿತ್ತು.

27 ಡಿಸೆಂಬರ್, ಗುರುವಾರ

ಈಗಲೇ ಬರೆಯುತ್ತೇನೆ. ಬರೆಯದಿದ್ದರೆ ಯಾರನ್ನಾದರೂ ಹೊಡೆದೇನು.

ಅಮ್ಮಾನಿನಿಂದ ಈ-ಮೇಲ್ ಬಂತು, ಮನುಷ್ಯರೇ ಬರೆದದ್ದು. ಇಪ್ಪತ್ತನೇ ತಾರೀಖು ನಿಮ್ಮ ಮನೆಯ ನಂಬರಿಗೆ ಫೋನು ಮಾಡಿದ್ದೆವು, ಇಂಥ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ ಎಂದು ಒಬ್ಬ ಹೆಂಗಸು ಹೇಳಿದರು, ತಂದೆಯ ಹೆಸರು ಕೇಳಿದಾಗಲೂ ಇಲ್ಲ ಎಂದರು. ಕುಟುಂಬದವರು ಎಂದು ಖಾತ್ರಿಯಾಗದೆ ನೌಕರರ ಬಗ್ಗೆ ಏನನ್ನೂ ತಿಳಿಸುವಂತಿಲ್ಲ, ಈ-ಮೇಲಿನಲ್ಲಂತೂ ಇಲ್ಲವೇ ಇಲ್ಲ. ಕಚೇರಿಗೆ ಹೊಸ ವರ್ಷದವರೆಗೆ ರಜೆ, ಮೂರನೇ ತಾರೀಖು ಅದೇ ನಂಬರಿಗೆ ಮತ್ತೆ ಮಾಡುತ್ತೇವೆ.

ಮೂರನೇ ತಾರೀಖು. ಏಳು ದಿನ.

ಮನೆಗೆ ಓಡಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಕೈಯಲ್ಲಿದ್ದ ಮೊರ ಕಿತ್ತು ಎಸೆದೆ, ಜೋಳವೆಲ್ಲ ಅಂಗಳಕ್ಕೆ ಚೆಲ್ಲಿತು. ಹದಿಮೂರು ವರ್ಷದಲ್ಲಿ ಅವರ ಎದುರು ದನಿ ಏರಿಸಿದವಳಲ್ಲ, ಇವತ್ತು ಓಣಿಗೆಲ್ಲ ಕೇಳುವಂತೆ ಕಿರುಚಿದೆ. ಅವರು ಸತ್ತಿದ್ದಾರೋ ಬದುಕಿದ್ದಾರೋ ಆ ಫೋನಿನಲ್ಲಿತ್ತು, ನೀವು ಕೈಯಾರೆ ಮುರಿದು ಹಾಕಿದಿರಿ ಎಂದೆ.

ಅತ್ತೆ ಜೋಳ ಬಳಿಯುತ್ತಾ ಕೂತರು. ತಲೆಯೆತ್ತದೆ ಹೇಳಿದರು. "ಯಾರೋ ಗುರುತ ಇಲ್ಲದ ದನಿ, ಹೆಸರ ಹಿಡದ ಕೇಳ್ತು. ತೋಳ ಹೆಂಗ ಕೇಳ್ತೈತಿ ಅಂತ ನಿನಗ ಗೊತ್ತೈತೇನ ತಂಗಿ? ನಾ ಕೊಡಲಿಲ್ಲ."

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ.

28 ಡಿಸೆಂಬರ್, ಶುಕ್ರವಾರ

ಅಣ್ಣಾಸಾಬರು ಹೇಳಿ ಕಳಿಸಿರಬೇಕು, ಮಾವ ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಜುಗೂಳದಿಂದ ಬಂದರು. ಅತ್ತೆ ಮೂಲೆಯಲ್ಲಿ, ನಾನು ಮೂಲೆಯಲ್ಲಿ. ಅವರು ಇಬ್ಬರಿಗೂ ಚಹಾ ಮಾಡಿಕೊಟ್ಟರು. ಈ ಮನೆಯಲ್ಲಿ ಗಂಡಸರು ಚಹಾ ಮಾಡಿದ್ದನ್ನು ಇದೇ ಮೊದಲು ನೋಡಿದ್ದು. ಸಕ್ಕರೆ ವಿಪರೀತ ಹಾಕಿದ್ದರು.

ಅತ್ತೆ ಹಿತ್ತಲಿಗೆ ಹೋದಾಗ ಮಾವ ಹೇಳಿದರು. ಮನೆಯವರು ಹುಟ್ಟುವ ಮೊದಲು ಒಂದು ಗಂಡು ಮಗುವಿತ್ತಂತೆ. ಐದು ವರ್ಷದ್ದು. ಹೊಳೆದಂಡೆಯಲ್ಲಿ ಕುರಿ ಕೂರಿಸಿದ್ದಾಗ ಒಂದು ಸಂಜೆ ಕಾಣದಾಯಿತು. ಅತ್ತೆ ದಂಡೆಯುದ್ದಕ್ಕೂ ಆ ಮಗುವಿನ ಹೆಸರು ಹಿಡಿದು ಕೂಗುತ್ತಾ ಹೋದರಂತೆ. ಮಗು ಎತ್ತರದ ದಡದ ಮೇಲೆ ಮಲಗಿತ್ತು, ತಾಯಿಯ ದನಿ ಕೇಳಿ ಎದ್ದು ಓಡಿ ಬರುವಾಗ ಜಾರಿ ಹೊಳೆಗೆ ಬಿತ್ತು. ಮಾವ ನೋಡುತ್ತಲೇ ಇದ್ದರಂತೆ, ದೂರದಿಂದ.

"ನಮ್ಮಪ್ಪ ಕುರೀಗೆ ಅಂತ ಹೇಳಿದ್ದ ಮಾತದು. ನಿಮ್ಮತ್ತಿ ಮನಿಷಾರಿಗೂ ಹಚಗೊಂಡ್ಳು" ಎಂದರು.

ಈ ಮನೆಗೆ ಬಂದು ಹದಿಮೂರು ವರ್ಷ, ನನಗೆ ಯಾರೂ ಹೇಳಿರಲಿಲ್ಲ. ನಾನು ತೋಳಕ್ಕೆ ಕನ್ನಡವೋ ಮರಾಠಿಯೋ ಎಂದು ಕೇಳಿದ್ದೆ. ನಾಚಿಕೆಯಾಗುತ್ತಿದೆ.

ಆ ಮಗುವಿನ ಹೆಸರು ಏನು ಎಂದು ಕೇಳಿದೆ. ಮಾವ ಹೇಳಿದರು. ಇಲ್ಲಿ ಬರೆಯಲಾರೆ, ಅತ್ತೆ ಹಿತ್ತಲಲ್ಲೇ ಇದ್ದಾರೆ.

31 ಡಿಸೆಂಬರ್, ಸೋಮವಾರ

ಡೈರಿಯ ಕೊನೆಯ ಪುಟ. ನಾಳೆಯಿಂದ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯಬೇಕು. ಹೊಸ ಡೈರಿ ಅಣ್ಣಾಸಾಬರಲ್ಲಿ ಬಂದಿದೆ, ಕೊಳ್ಳಲು ಮನಸ್ಸಾಗಲಿಲ್ಲ. ಮನೆಯವರು ಬಂದ ಮೇಲೆ ಕೊಂಡರಾಯಿತು.

ಅತ್ತೆ ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಹಚ್ಚಿದರು.

ಖಲೀಲಜ್ಜ ಈಗಲೂ ಸಂಜೆ ಟಗರನ್ನು ಕೂಗುತ್ತಿರಬಹುದೇ? ಕೂಗದಿದ್ದರೆ ಒಳ್ಳೆಯದು. ಗುಲೆಯಾದರೂ ಬೇಡ ಎನ್ನಬಾರದೇ?

3 ಜನವರಿ 2008, ಗುರುವಾರ

ಶಾಲೆಗೆ ರಜೆ ಹಾಕಿ ಬೆಳಗಿನಿಂದ ಫೋನಿನ ಪಕ್ಕ. ಟವೆಲ್ಲನ್ನು ಅತ್ತೆಯೇ ತೆಗೆದು ಮಡಚಿ ಇಟ್ಟಿದ್ದರು. ಮಾವ ಹೊಸ್ತಿಲಲ್ಲಿ, ಬೆನ್ನು ನಮ್ಮ ಕಡೆ.

ಎರಡೂಕಾಲಿಗೆ ಬಂತು. ಹೆಣ್ಣು ದನಿ, ಹಿಂದಿ. ನಾನು ಹೆಂಡತಿ ಮಾತಾಡುತ್ತಿರುವುದು ಎಂದೆ. ಬಹಳ ಮರ್ಯಾದೆಯಿಂದ ಕೇಳಿದಳು, ಯಾರ ಹೆಂಡತಿ, ಪೂರ್ತಿ ಹೆಸರು ಹೇಳಿ. ಹೋದ ಸಲ ತೊಂದರೆಯಾಗಿತ್ತು, ಅದಕ್ಕೇ ನಾನಾಗಿ ಹೆಸರು ಹೇಳುವಂತಿಲ್ಲ, ನೀವೇ ಹೇಳಬೇಕು ಎಂದಳು.

ನನಗೆ ಬರಲಿಲ್ಲ.

ಬಾಯಿ ತೆರೆದೆ. ಬೆಳಗಿನಿಂದ ನೀರು ಕುಡಿದಿರಲಿಲ್ಲ, ಅದಕ್ಕೇ ಇರಬೇಕು. ಅವರು ದನದ ಡಾಕ್ಟರು ಎಂದೆ. ಉದ್ದಕ್ಕಿದ್ದಾರೆ, ಎಡ ಹುಬ್ಬಿನ ಮೇಲೆ ಟಗರು ಗುದ್ದಿದ ಗಾಯವಿದೆ ಎಂದೆ. ಆಗಸ್ಟ್ ಒಂಬತ್ತಕ್ಕೆ ಹೊರಟರು ಎಂದೆ. ಎಲ್ಲ ಹೇಳಿದೆ, ಅದೊಂದು ಬಿಟ್ಟು. ಆ ಕಡೆಯವಳು, ಕ್ಷಮಿಸಿ, ಹೆಸರು ಹೇಳದಿದ್ದರೆ ಫೋನು ಇಡಬೇಕಾಗುತ್ತದೆ ಎಂದಳು. ಒಂದು ನಿಮಿಷ, ಒಂದೇ ನಿಮಿಷ ಎಂದೆ.

ರಿಸೀವರು ನನ್ನ ಕೈಯಿಂದ ಹೋಯಿತು. ಅತ್ತೆ ಕಿತ್ತುಕೊಂಡಿದ್ದರು. ಎರಡೂ ಕೈಯಲ್ಲಿ ಹಿಡಿದು, ಹೊಳೆಯ ಆಚೆ ದಡಕ್ಕೆ ಕೇಳಿಸಬೇಕು ಎನ್ನುವ ಹಾಗೆ ಹೇಳಿದರು.

"ಬಾಳೇಶ. ಜಕ್ಕಪ್ಪನ ಮಗ ಬಾಳೇಶ. ನಾ ಹೊಳೆವ್ವ, ಅವನ ಹಡದಾಕಿ. ಎಲ್ಲಿ ಅದಾನ ಹೇಳಬೇ ಯವ್ವಾ."

ಅಮ್ಮಾನಿನವಳಿಗೆ ಕನ್ನಡ ಬರುವುದಿಲ್ಲ. ಆ ಹೆಸರುಗಳಷ್ಟೇ ಸಾಕಾದವು.

ಬದುಕಿದ್ದಾರೆ. ಬಾಂಬು ಬಿದ್ದ ದಿನ ಹಳ್ಳಿಯವರು ಕುರಿಗಳ ಸಮೇತ ಮೇಲಿನ ಗವಿಗಳಿಗೆ ಓಡಿದರು, ಇವರೂ ಹೋದರು. ಹದಿನೇಳಕ್ಕೆ ಸಂಸ್ಥೆಯ ಒಬ್ಬ ಡ್ರೈವರ್ ಕಣ್ಣಾರೆ ನೋಡಿದ್ದ, ಇಪ್ಪತ್ತನೇ ತಾರೀಖಿನ ಫೋನು ಅದನ್ನು ಹೇಳಲಿಕ್ಕೇ. ಆಮೇಲೆ ಹಿಮ ಬಿದ್ದು ದಾರಿ ಮುಚ್ಚಿತ್ತು, ನಿನ್ನೆ ತೆರೆಯಿತು. ಸಂಸ್ಥೆಯ ಆಫೀಸಿರುವ ಊರಿನ ಕಡೆ ಬರುತ್ತಿದ್ದಾರೆ, ರವಿವಾರ ತಾವೇ ಫೋನು ಮಾಡುತ್ತಾರೆ.

ಮಾವ ಹೊಸ್ತಿಲಿನಿಂದ ಏಳಲೇ ಇಲ್ಲ, ಹೆಗಲ ಮೇಲಿನ ಕಂಬಳಿಯಲ್ಲಿ ಮುಖ ಒರೆಸಿಕೊಂಡರು. ಅತ್ತೆ ಗೋಡೆಗೆ ಒರಗಿ ಕೂತು, ಮಗನ ಹೆಸರನ್ನು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದರು, ಬಾಯಿಗೆ ರುಚಿ ಹತ್ತಿದವರ ಹಾಗೆ. ನಾನು ಚೊಂಬು ತುಂಬ ನೀರು ಕುಡಿದೆ.

6 ಜನವರಿ, ರವಿವಾರ

ಬಾಳೇಶ. ಬಾಳೇಶ. ಬಾಳೇಶ.

ಹನ್ನೊಂದಕ್ಕೆ ಬಂತು. ದನಿ ಒಡೆದಿದೆ, ಕೆಮ್ಮು. ಕಾಲಿನ ಎರಡು ಬೆರಳಿಗೆ ಹಿಮ ಕಚ್ಚಿದೆ, ಉಳಿಯುತ್ತವೆ ಎಂದಿದ್ದಾರಂತೆ. ಅತ್ತೆ ಬೆರಳುಗಳ ಬಗ್ಗೆಯೇ ಮೂರು ನಿಮಿಷ ಕೇಳಿದರು. ಇವತ್ತು ಐದು ನಿಮಿಷದ ಲೆಕ್ಕವಿರಲಿಲ್ಲ, ಸಂಸ್ಥೆಯವರ ಆಫೀಸಿನ ಫೋನು.

ಆಮೇಲೆ ನನಗೆ ಕೊಟ್ಟರು. ಅತ್ತೆಯ ಕಿವಿಯೂ ರಿಸೀವರಿಗೆ ಅಂಟಿಕೊಂಡೇ ಇತ್ತು. ಎಲ್ಲರೂ ಹೇಗಿದ್ದಾರೆ ಎಂದು ಕೇಳಿದೆ. ಅವನು ಒಂದು ಸಲ ಕೆಮ್ಮಿದ. ಆಮೇಲೆ ಒಂದೊಂದೇ ಹೇಳುತ್ತಾ ಹೋದ.

"ಗುಲೆ ಬಂದಾಳ. ಆಕಿ ದೊಡ್ಡ ಮಗಳ ಬಂದಾಳ, ಸಣ್ಣಾಕಿ ಬಂದಾಳ. ಡ್ರೈವರ್ ಬಂದಾನ. ಕುರಿ ಅರ್ಧಕ್ಕರ್ಧ ಬಂದಾವ. ಗುಂದಿಕ್ ಬಂದೈತಿ. ಟಗರ ಈಗ ನನ್ನ ಕಡೇನ ಐತಿ ಭಾಗ್ಯಾ, ನಾನ ಮೇವ ಹಾಕಾಕತ್ತೇನಿ."

ಅಷ್ಟಕ್ಕೆ ನಿಲ್ಲಿಸಿದ.

ಅತ್ತೆಯೂ ನಾನೂ ಮುಖ ನೋಡಿಕೊಂಡೆವು. ಅತ್ತೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಲುಬು ಕಂಡಿದ್ದರೆ ಹೆಸರು ಹೇಳುತ್ತಿದ್ದ. ಹೇಳಲಿಲ್ಲ. ಅಂದರೆ ಹುಡುಕುತ್ತಿದ್ದಾರೆ, ಅಂದರೆ ಇನ್ನೂ ಹಿಮದಲ್ಲಿ ಎಲ್ಲೋ.

ಟಗರು ಕಾಳು ತಿನ್ನುತ್ತದೆಯೇ ಎಂದು ಕೇಳಿದೆ. ಮೊದಲೆರಡು ದಿನ ಮುಟ್ಟಲಿಲ್ಲ, ಈಗ ಬಾಳೇಶನ ಕೈಯಿಂದ ತಿನ್ನುತ್ತದಂತೆ. ಸಂಜೆ ಕೂಗಬೇಡ್ರಿ ಎಂದೆ. ಇಲ್ಲ, ಕೂಗುವುದಿಲ್ಲ ಎಂದ. ಕುರಿಗಳು ಮರಿ ಹಾಕಲು ಶುರು ಮಾಡಿವೆ, ಉಳಿದ ಲಸಿಕೆ ಪೆಟ್ಟಿಗೆಯಲ್ಲೇ ಇದೆ ಎಂದ. ಬೆರಳಿಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಲು ಹೇಳಿ ಫೋನು ಇಟ್ಟೆ.

ಇಟ್ಟ ಮೇಲೆ ನೆನಪಾಯಿತು. ನವೆಂಬರಿನಲ್ಲಿ ಲೈನು ಕಟ್ಟಾಗಿ ಅರ್ಧಕ್ಕೆ ನಿಂತಿದ್ದ ಮಾತು, ಎಲ್ಲ ಬಿಟ್ಟು ಬಂದುಬಿಡ್ರಿ ಎನ್ನುವುದನ್ನು ಹೇಳಲು ಮರೆತೇಬಿಟ್ಟೆ. ಮುಂದಿನ ರವಿವಾರ ಹೇಳಬೇಕು.

ಅತ್ತೆ ಸಂಜೆ ಯಲ್ಲಮ್ಮನ ಹೆಸರಿನಲ್ಲಿ ಇನ್ನೊಂದು ತೆಂಗಿನಕಾಯಿ ಕಟ್ಟಿಟ್ಟರು. ಯಾರಿಗಾಗಿ ಎಂದು ಹೇಳಲಿಲ್ಲ. ಈ ಡೈರಿಯ ಹಿಂದಿನ ಪುಟಗಳಲ್ಲಿ ಆ ಅಜ್ಜನ ಹೆಸರು ಮೂರು ಕಡೆ ಇತ್ತು. ಮಸಿಯಿಂದ ಹೊಡೆದುಹಾಕೋಣವೆಂದುಕೊಂಡೆ, ಮನಸ್ಸು ಬರಲಿಲ್ಲ, ಅವನ ಊರಿನ ಹೆಸರಿಗೆ ಆ ಕೆಲಸ ಬೇರೆಯವರು ಮೊದಲೇ ಮಾಡಿದ್ದಾರೆ. ಪುಟ ಮುಚ್ಚಿ, ಡೈರಿಯನ್ನು ಮಾವನ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ. ಅಜ್ಜ ಸಿಗುವವರೆಗೆ ಇನ್ನು ಮುಂದೆ ಆ ಹೆಸರು ಬರೆಯುವುದಿಲ್ಲ.